ವಿಂಡ್ ಫಾರ್ಮ್ ಮ್ಯಾನೇಜರ್ ಕೆಲಸ ಎಐ ಬಂದ ಮೇಲೂ ಉಳಿಯುತ್ತಾ?

ಗಾಳಿಪಟ:
ನಾನು 40 ಟರ್ಬೈನ್‌ಗಳ ಸೈಟ್ ಮ್ಯಾನೇಜರ್. ಒಂಬತ್ತು ವರ್ಷದಿಂದ ಇದೇ ಕೆಲಸ. ದಿನಾ ಬೆಳಗ್ಗೆ ಸ್ಕಾಡಾದ (ಟರ್ಬೈನ್‌ಗಳ ಡೇಟಾ ದಾಖಲಿಸೋ ಕಂಪ್ಯೂಟರ್ ವ್ಯವಸ್ಥೆ) ಹತ್ತು ನಿಮಿಷದ ಸರಾಸರಿಗಳನ್ನು ನೋಡಿ ರಿಪೋರ್ಟ್ ಬರೆಯೋದಕ್ಕೇ ಎರಡು ಗಂಟೆ ಹಿಡಿಯುತ್ತಿತ್ತು. ಹೋದ ತಿಂಗಳಿಂದ ಎಐ ಐದು ನಿಮಿಷದಲ್ಲಿ ಬರೆದು ಕೊಡುತ್ತಿದೆ. ನನ್ನದಕ್ಕಿಂತ ನೀಟಾಗಿಯೇ ಇದೆ, ಅದೇ ಸಂಕಟ! ಇಲ್ಲೇ ಇರಲಾ, ಬೇರೆ ಕೆಲಸ ನೋಡಲಾ?

ಹಳೇ ಸೈಟಿನವನು:
ರಿಪೋರ್ಟ್ ಹೋದರೆ ಹೋಗಲಿ ಬಿಡಿ. ನಮ್ಮಲ್ಲಿ ಆದದ್ದು ಹೇಳುತ್ತೇನೆ. ಒಂದು ಗೇರ್‌ಬಾಕ್ಸ್ ಬೇರಿಂಗ್ ಇರಬೇಕಾದ್ದಕ್ಕಿಂತ 6 ಡಿಗ್ರಿ ಜಾಸ್ತಿ ಬಿಸಿ ಅಂತ ಎಐ ಎಚ್ಚರಿಸಿತು. ಅಲಾರಂ ಹೊಡೆಯೋ ಮಟ್ಟಕ್ಕೆ ಇನ್ನೂ ದೂರವಿತ್ತು, ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಷ್ಟರಮಟ್ಟಿಗೆ ಜಾಣ. ಆದರೆ ಕೂಡಲೇ ನಿಲ್ಲಿಸಿ ಅಂದಿತು. ಅದು ಜೋರು ಗಾಳಿಯ ವಾರ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟು, ನಿಮಗೇ ಗೊತ್ತಲ್ಲ. ನಿಲ್ಲಿಸಿದರೆ ನಷ್ಟ. ಓಡಿಸಿ ಬೇರಿಂಗ್ ಹೋದರೆ ಕ್ರೇನ್ ತರಿಸಬೇಕು. ಆ ಗಾಳಿಯಲ್ಲಿ ಯಾರನ್ನೂ ಮೇಲೆ ಹತ್ತಿಸುವ ಹಾಗೂ ಇಲ್ಲ. ಪವರ್ ಇಳಿಸಿ ಓಡಿಸಿದೆ. ಗಾಳಿ ತಗ್ಗಿದ ದಿನ ಹುಡುಗರು ಹತ್ತಿ ನೋಡಿದರೆ ಆಯಿಲ್ ಫಿಲ್ಟರ್ ಕಟ್ಟಿಕೊಂಡಿತ್ತು, ಅಷ್ಟೇ. ಅವರು ಹತ್ತೋ ಪರ್ಮಿಟ್ ಮೇಲಿನ ಸಹಿ ನನ್ನದು. ಹೆಚ್ಚುಕಮ್ಮಿ ಆಗಿದ್ದರೆ ವಿಚಾರಣೆಗೆ ಎಐಯನ್ನು ಯಾರೂ ಕರೆಯುತ್ತಿರಲಿಲ್ಲ.

ನಿಮ್ಮ ಕೆಲಸ ಹೋಗಲ್ಲ. ಒಬ್ಬರ ತಲೆಗೆ ಮೂರು ಸೈಟ್ ಕಟ್ಟುತ್ತಾರಲ್ಲ, ಅದಕ್ಕೆ ಹೆದರಿ.

ಮುನ್ಸೂಚನೆ:
ಸೈಟಿನವರಿಗೆ ಆ ಮಾತು ಸರಿ, ಆಫೀಸಿನಲ್ಲಿ ಕೂತವರಿಗೆ ಅಲ್ಲ. 2019ರಲ್ಲೇ ಗೂಗಲ್‌ನ ಡೀಪ್‌ಮೈಂಡ್ 700 ಮೆಗಾವಾಟ್ ವಿಂಡ್ ಫಾರ್ಮ್‌ಗಳ ಉತ್ಪಾದನೆಯನ್ನು 36 ಗಂಟೆ ಮೊದಲೇ ಅಂದಾಜು ಮಾಡಿ ತೋರಿಸಿತ್ತು. ಇಷ್ಟು ವಿದ್ಯುತ್ ಕೊಡುತ್ತೇವೆ ಅಂತ ಗ್ರಿಡ್‌ಗೆ ಮುಂಚಿತವಾಗಿ ಮಾತು ಕೊಡೋಕೆ ಆದದ್ದರಿಂದ ಆ ವಿದ್ಯುತ್ತಿನ ಮೌಲ್ಯ ಸುಮಾರು 20% ಹೆಚ್ಚಿತು ಅಂದಿದ್ದರು. ನಾನು ಮಾಡುವುದೂ ಅದೇ ಅಂದಾಜಿನ ಕೆಲಸ. ಆರು ಜನರ ಟೀಮ್ ಇತ್ತು, ಈಗ ಇಬ್ಬರಿದ್ದೇವೆ. ಮ್ಯಾನೇಜರ್ ಮೊದಲು ಹೋದರು.

ಗಾಳಿಪಟ:
ಇಬ್ಬರಿಗೂ ಥ್ಯಾಂಕ್ಸ್. ಒಂದು ಮಾತ್ರ ಕಾಡುತ್ತಿದೆ. ನಮ್ಮ 17ನೇ ಟರ್ಬೈನ್ ಯಾವಾಗಲೂ ಪಕ್ಕದವುಗಳಿಗಿಂತ ಕಡಿಮೆ ಕೊಡುತ್ತಿತ್ತು. ಅದು ಗಾಳಿಗೆ ನೇರ ಮುಖ ಮಾಡುತ್ತಿಲ್ಲ ಅಂತ ನಾನು ಹಿಡಿದದ್ದು ಆ ಬೋರು ಹೊಡೆಸುವ ಅಂಕಿಗಳನ್ನು ದಿನಾ ದಿಟ್ಟಿಸಿಯೇ. ಈಗಿನವರು ಅದನ್ನು ಎಲ್ಲಿ ಕಲಿಯಬೇಕು? ಜೂನಿಯರ್ ಹುಡುಗಿಗೆ, ಎಐ ರಿಪೋರ್ಟ್ ತೆಗೆಯೋ ಮೊದಲು ದಿನಕ್ಕೊಂದು ಟರ್ಬೈನಿನ ಡೇಟಾ ಸುಮ್ನೆ ನೋಡಮ್ಮ ಅಂದಿದ್ದೇನೆ. ಬೈಕೊಂಡೇ ನೋಡುತ್ತಿದ್ದಾಳೆ.