ಪದ ಬೇಕು: ಅರಬ್ಬರ ‘ತಆವುನ್’, ‘ಇತ್ತಿಹಾದ್’, ‘ವಹ್ದ’ ಮೂರಕ್ಕೂ ಒಕ್ಕೂಟವೇ?

ಕೇಳಿದವರು, ಬೆಂಗಳೂರು:

ಬಲ್ಲವರಲ್ಲಿ ವಿನಂತಿ. ಅರಬ್ ದೇಶಗಳು ಇನ್ನಾದರೂ ಒಂದಾದಾವೇ ಎಂಬ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪತ್ರಿಕೆಗೆ ಕೊಡಬೇಕು. 1945ರಲ್ಲಿ ಕೈರೋದಲ್ಲಿ ಹುಟ್ಟಿದ್ದು ‘ಜಾಮಿಆ’, ಅಂದರೆ ನಾವು ಅರಬ್ ಲೀಗ್ ಎನ್ನುವುದು. 1958ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಮಾಡಿಕೊಂಡದ್ದು ‘ವಹ್ದ’. 1971ರಲ್ಲಿ ಅಬುಧಾಬಿ, ದುಬೈ ಮೊದಲಾದವು ಸೇರಿ ಕಟ್ಟಿದ್ದು ‘ಇತ್ತಿಹಾದ್’, ಅಂದರೆ ಇಂದಿನ ಎಮಿರೇಟ್ಸ್. 1981ರಲ್ಲಿ ಆರು ಕೊಲ್ಲಿ ದೇಶಗಳು ಮಾಡಿಕೊಂಡದ್ದು ‘ತಆವುನ್’ ಮಂಡಳಿ. ಕನ್ನಡದಲ್ಲಿ ಎಲ್ಲಕ್ಕೂ ‘ಒಕ್ಕೂಟ’ ಎನ್ನುವ ರೂಢಿ ಬಿದ್ದಿದೆ: ಐರೋಪ್ಯ ಒಕ್ಕೂಟ, ಹಾಲು ಒಕ್ಕೂಟ, ಒಕ್ಕೂಟ ಸರ್ಕಾರ.

ಲೇಖನದ ತಿರುಳೇ ಇಲ್ಲಿ ಕೆಡುತ್ತದೆ. 2011ರ ಡಿಸೆಂಬರಿನಲ್ಲಿ ರಿಯಾದ್ ಶೃಂಗಸಭೆಯಲ್ಲಿ ಸೌದಿ ದೊರೆ ಅಬ್ದುಲ್ಲಾ, ತಆವುನ್ ಹಂತ ದಾಟಿ ಇತ್ತಿಹಾದ್ ಹಂತಕ್ಕೆ ಹೋಗೋಣ ಎಂದರು. 2013ರಲ್ಲಿ ಒಮಾನ್ ಅದು ಬೇಡವೆಂದು ಬಹಿರಂಗವಾಗಿಯೇ ಹೇಳಿತು. ಎರಡಕ್ಕೂ ಒಂದೇ ಪದ ಹಾಕಿದರೆ ದೊರೆ ಕೇಳಿದ್ದೇನು, ಒಮಾನ್ ಒಲ್ಲೆನೆಂದದ್ದೇನು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಬೇರೆ ಬೇರೆ ಪದ ಬೇಕು.

ಮರು, ಮೈಸೂರಿನಿಂದ:

ಲೀಗ್ ಅನ್ನು ಲೀಗ್ ಎಂದೇ ಬಿಡಿ. ಉಳಿದವಕ್ಕೆ ಸಹಕಾರ, ಸಂಯುಕ್ತ, ಐಕ್ಯ. ಇದರಲ್ಲಿ ಚರ್ಚಿಸಲು ಏನಿದೆ? ಒಕ್ಕೂಟದ ‘ಕೂಟ’ವೂ ಸಂಸ್ಕೃತವೇ ತಾನೆ.

ಮರು, ಸಾಗರದಿಂದ:

ಅಲ್ಲ. ಸಂಸ್ಕೃತದ ‘ಕೂಟ’ ಚಿತ್ರಕೂಟದಲ್ಲಿ ಶಿಖರ, ಕೂಟಸಾಕ್ಷಿಯಲ್ಲಿ ಸುಳ್ಳು. ನಮ್ಮದು ಆಡು-ಆಟ, ಓಡು-ಓಟ, ನೋಡು-ನೋಟ, ಕೂಡು-ಕೂಟ. ಮುಂದಿರುವುದು ಒಕ್ಕೊರಲು, ಒಗ್ಗಟ್ಟುಗಳಲ್ಲಿರುವ ಅದೇ ‘ಒರ್’. ಇದನ್ನು ಈ ಬಳಗದಲ್ಲಿ ಎಷ್ಟು ಸಲ ಬರೆಯಬೇಕು?

ಕೇಳಿದವರಿಗೆ: ತಆವುನ್ ಎಂದರೆ ನೆರವುಕೂಟ (ಅರಬ್ಬಿಯಲ್ಲಿ ‘ಔನ್’ ಎಂದರೆ ನೆರವು), ಇತ್ತಿಹಾದ್ ಎಂದರೆ ಒಕ್ಕೂಟ, ವಹ್ದ ಎಂದರೆ ಒಂದುಗೂಡಿಕೆ. ಮೂರೂ ಅಚ್ಚಗನ್ನಡ. ಸಹಕಾರ, ಐಕ್ಯಗಳ ಗೊಡವೆ ಬೇಡ.

ಮರು, ಮಂಗಳೂರಿನಿಂದ:

ಕೊಲ್ಲಿಯಲ್ಲಿ ದುಡಿದು ಬಂದವನು, ಅರಬ್ಬಿ ಓದಬಲ್ಲೆ. ನೆರವುಕೂಟ ಒಪ್ಪಲಾರೆ. ‘ನೆರವು’ ಒಬ್ಬರು ಕೊಟ್ಟು ಇನ್ನೊಬ್ಬರು ಪಡೆಯುವುದು. ತಆವುನ್‌ನಲ್ಲಿ ಪರಸ್ಪರತೆ ಪದದ ರೂಪದಲ್ಲೇ ಇದೆ. ಅದಕ್ಕೆ ಸಹಕಾರವೇ ಸರಿ. ಸಹಕಾರ ಸಂಘದ ಮೆಟ್ಟಿಲು ಹತ್ತದ ರೈತ ನಮ್ಮಲ್ಲಿ ಯಾರಿದ್ದಾರೆ? ಸಂಸ್ಕೃತವೆಂದು ಅದನ್ನು ಹೊರಗೆ ಹಾಕುವುದು ಹಟ.

ವಹ್ದ, ಇತ್ತಿಹಾದ್ ಎರಡರ ಬೇರೂ ಒಂದೇ, ‘ವಾಹಿದ್’ ಅಂದರೆ ಒಂದು ಎಂಬುದರದು. ಹಾಗಾಗಿ ಬೇರು ಹಿಡಿದು ಹೊರಟರೆ ದಾರಿ ಸಿಗದು, ನಡೆದದ್ದನ್ನು ನೋಡಬೇಕು. 1958ರ ಫೆಬ್ರವರಿಯಲ್ಲಿ ಸಿರಿಯಾ ತನ್ನ ಪಕ್ಷಗಳನ್ನು ವಿಸರ್ಜಿಸಿ ಈಜಿಪ್ಟಿನ ಅಧ್ಯಕ್ಷ ನಾಸರ್ ಕೈಗೆ ಆಡಳಿತ ಒಪ್ಪಿಸಿತು. ಅಧಿಕಾರವೆಲ್ಲ ಕೈರೋಗೆ ಹೋಯಿತು. ಮೂರೂವರೆ ವರ್ಷ ಕಳೆದು 1961ರ ಸೆಪ್ಟೆಂಬರ್ 28ರಂದು ದಮಾಸ್ಕಸ್‌ನಲ್ಲಿ ಸೇನಾಧಿಕಾರಿಗಳು ದಂಗೆಯೆದ್ದು ಅದನ್ನು ಮುರಿದರು. ಅದು ಒಕ್ಕೂಟವಲ್ಲ, ವಿಲೀನ.

ಇತ್ತಿಹಾದ್ ಬೇರೆ. ಡಿಸೆಂಬರ್ 2 ಬಂದರೆ ದುಬೈಯಲ್ಲಿರುವ ನಮ್ಮ ಕರಾವಳಿಯ ಹುಡುಗರಿಗೂ ರಜೆ, ಅದು ಇತ್ತಿಹಾದ್ ದಿನ. ಏಳು ಸಂಸ್ಥಾನಗಳು ಸೇರಿದರೂ ಪ್ರತಿಯೊಂದಕ್ಕೂ ತನ್ನ ಅರಸನಿದ್ದಾನೆ. ನೆಲದಡಿಯ ತೈಲ ಆಯಾ ಸಂಸ್ಥಾನದ ಸ್ವತ್ತೆಂದು ಅವರ ಸಂವಿಧಾನವೇ ಹೇಳುತ್ತದೆ. ರಾಸ್ ಅಲ್ ಖೈಮಾ ಕೆಲ ತಿಂಗಳು ತಡೆದು 1972ರಲ್ಲಿ ಬಂತು. ಬಹ್ರೇನ್, ಕತಾರ್ ಬರಲೇ ಇಲ್ಲ. ಅರಬ್ಬರ ಕೂಡುವಿಕೆಗಳಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವುದು ಇದು, ಯಾರ ಗದ್ದುಗೆಯನ್ನೂ ಕೇಳಲಿಲ್ಲವೆಂಬ ಕಾರಣಕ್ಕೆ. ‘ಒಕ್ಕೂಟ’ವನ್ನು ಇದಕ್ಕೆ ಮಾತ್ರ ಮೀಸಲಿಡಿ.

ಸಹಕಾರ ಎಂಬ ಪದ ಸಪ್ಪೆ ಅನ್ನಿಸಬಹುದು, ಆದರೆ ಸಂಗತಿಯೂ ಅಷ್ಟೇ. ಆರು ಕೊಲ್ಲಿ ದೇಶಗಳು ಒಂದೇ ನಾಣ್ಯ ತರಲು ಹೊರಟವು. 2006ರಲ್ಲಿ ಒಮಾನ್ ಹಿಂದೆ ಸರಿಯಿತು. ಕೇಂದ್ರ ಬ್ಯಾಂಕು ರಿಯಾದ್‌ಗೆ ಹೋಯಿತೆಂದು 2009ರಲ್ಲಿ ಎಮಿರೇಟ್ಸ್ ಹೊರಬಂತು. 2017ರಲ್ಲಿ ಈ ಆರರಲ್ಲೇ ಮೂರು ದೇಶಗಳು ಕತಾರಿನೊಡನೆ ಸಂಬಂಧ ಕಡಿದು ದಾರಿ ಮುಚ್ಚಿದವು. 2021ರ ಜನವರಿಯವರೆಗೆ ರಾಜಿಯಾಗಲಿಲ್ಲ.

ಮರು, ಧಾರವಾಡದಿಂದ:

‘ವಿಲೀನ’ ಸರಿಯಲ್ಲ. ಅದು ಸಂಸ್ಥಾನಗಳನ್ನು ಸೇರಿಸಿಕೊಂಡಾಗಿನ ಮಾತು, ಸಣ್ಣದು ದೊಡ್ಡದರಲ್ಲಿ ಕರಗುವುದು. ಸಿರಿಯಾದ ಬಾಥ್ ಪಕ್ಷದವರ ಘೋಷಣೆ ‘ವಹ್ದ, ಸ್ವಾತಂತ್ರ್ಯ, ಸಮಾಜವಾದ’. ಅವರ ವಾದವೇನೆಂದರೆ ಅರಬ್ಬರು ಮೊದಲಿಂದ ಒಂದೇ ಜನಾಂಗ, ಗೆರೆ ಎಳೆದು ಒಡೆದವರು ಬ್ರಿಟಿಷರು ಮತ್ತು ಫ್ರೆಂಚರು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ನಮ್ಮ ಹಿರಿಯರು ಹೋರಾಡಿದ್ದೂ ಅಂಥದೇ ನಂಬಿಕೆಯ ಮೇಲೆ. ಪದ ನಮ್ಮಲ್ಲಿ ಸಿದ್ಧವಾಗಿದೆ: ಏಕೀಕರಣ. 1990ರಲ್ಲಿ ಎರಡು ಯೆಮನ್‌ಗಳು ಸೇರಿದ್ದಕ್ಕೂ ಅವರು ವಹ್ದ ಎನ್ನುತ್ತಾರೆ.

ಮರು, ಮಂಗಳೂರಿನಿಂದ:

ಯೆಮನ್‌ಗೆ ಒಪ್ಪಿದೆ, ಬಾಥ್ ಘೋಷಣೆಗೂ ಒಪ್ಪಿದೆ. ಆದರೆ ಲೇಖಕರ ಸ್ವಂತ ಮಾತಿನಲ್ಲಿ ಏಕೀಕರಣ ಬಂದರೆ ಅವರೂ ಬಾಥ್ ವಾದವನ್ನು ನಂಬಿದಂತೆ ಆಗುತ್ತದೆ. 1956ರ ನವೆಂಬರ್ 1ರಂದು ನಾವು ಒಂದಾದಾಗ ಯಾವ ಸೇನೆಯನ್ನೂ ಯಾರಿಗೂ ಒಪ್ಪಿಸಬೇಕಿರಲಿಲ್ಲ. ಅರಬ್ ದೇಶಗಳು ತಡೆದು ನಿಲ್ಲುವುದು ಅಲ್ಲೇ. ಜಂಟಿ ರಕ್ಷಣಾ ಒಪ್ಪಂದವಾದದ್ದು 1950ರಲ್ಲಿ. ಜಂಟಿ ಪಡೆ ಕಟ್ಟೋಣವೆಂದು ಶರ್ಮ್ ಅಲ್ ಶೇಖ್‌ನಲ್ಲಿ 2015ರಲ್ಲಿ ಮತ್ತೆ ಒಪ್ಪಿದರು, ಕಟ್ಟಲಿಲ್ಲ.

ಮರು, ಕಲಬುರಗಿಯಿಂದ:

ಇಷ್ಟೆಲ್ಲ ಯಾಕೆ, ಇತ್ತಿಹಾದ್ ಎಂದೇ ಬರೆಯಿರಿ. ಅರಬ್ಬಿ ನಮಗೆ ಹೊಸದೇ? ತಾಲ್ಲೂಕು, ವಕೀಲ, ತಕರಾರು, ಸನ್ನದು ಎಲ್ಲಿಯವು? ಬ್ಯಾಂಕಿನ ‘ಜಮಾ’ ಮತ್ತು ಲೀಗಿನ ‘ಜಾಮಿಆ’ ಎರಡೂ ‘ಕೂಡಿಸು’ ಎಂಬ ಒಂದೇ ಬೇರಿನವು. ಸಾಗರದವರು ಜಮಾ ಖರ್ಚಿಗೆ ಏನೆನ್ನುತ್ತಾರೋ ಹೇಳಲಿ.

ಮರು, ಸಾಗರದಿಂದ:

ಜಮಾ ಎಂದೇ ಅನ್ನುತ್ತೇನೆ. ಅದು ಕಂದಾಯದ ಲೆಕ್ಕದಿಂದ ಬಂದು ಜನರ ಬಾಯಲ್ಲಿ ಸವೆದ ಪದ. ನಿಮ್ಮ ಇತ್ತಿಹಾದ್ ಅನುವಾದಕರ ಮೇಜಿನಿಂದ ಬರುತ್ತಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮರು, ಮೈಸೂರಿನಿಂದ:

ಹಾಗಾದರೆ ಒಂದುಗೂಡಿಕೆ ಯಾವ ಜನರ ಬಾಯಲ್ಲಿತ್ತು?

ಮರು, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಹೀಗೆ ಕಳಿಸುತ್ತಿದ್ದೇನೆ: ಅರಬ್ ಲೀಗ್, ಕೊಲ್ಲಿ ಸಹಕಾರ ಮಂಡಳಿ, ಎಮಿರೇಟ್ಸ್ ಒಕ್ಕೂಟ. ದೊರೆಯ ಮಾತು “ಸಹಕಾರದಿಂದ ಒಕ್ಕೂಟಕ್ಕೆ” ಎಂದಾಯಿತು, ಒಮಾನಿನ ಆಕ್ಷೇಪ ಈಗ ತಾನಾಗಿ ಅರ್ಥವಾಗುತ್ತದೆ. ಯೆಮನ್‌ಗೆ ಏಕೀಕರಣ. 1958ರದ್ದಕ್ಕೆ ಸಿರಿಯಾದ ಬಾಥ್ ನಾಯಕರ ಬಾಯಲ್ಲಿ ಏಕೀಕರಣ, ಲೇಖಕರ ಮಾತಿನಲ್ಲಿ ವಿಲೀನ. ಧಾರವಾಡದವರು ಮನ್ನಿಸಬೇಕು, ಪಕ್ಷಗಳನ್ನೇ ಮುಚ್ಚಿಸಿದ ಮೇಲೆ ಅದನ್ನು ಬೇರೇನೆಂದೂ ಕರೆಯಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಉಳಿದಿದೆ. 2011ರ ಮಾರ್ಚಿನಲ್ಲಿ ಬಹ್ರೇನ್‌ಗೆ ಹೋದ ಕೊಲ್ಲಿ ಪಡೆಯ ಹೆಸರು ‘ದಿರ್ಅ್ ಅಲ್ ಜಜೀರಾ’. ‘ಪರ್ಯಾಯದ್ವೀಪ ಗುರಾಣಿ’ ಎಂದಿಟ್ಟಿದ್ದೇನೆ. ದಿರ್ಅ್ ಎಂದರೆ ಮೈಮೇಲೆ ತೊಡುವ ಕವಚವೂ ಹೌದಂತೆ. ಗುರಾಣಿಯೋ ಕವಚವೋ, ಮಂಗಳೂರಿನವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ತಿದ್ದುತ್ತೇನೆ.