ಫ್ಲಿಪ್ಡ್ ಕ್ಲಾಸ್: ಅರ್ಧ ಮಕ್ಕಳು ವಿಡಿಯೊ ನೋಡದೇ ಬಂದರೆ ಏನು ಮಾಡೋದು?

ಚಾಕ್‌ಪೀಸ್:
ಪದವಿ ಮೊದಲ ವರ್ಷದ ಭೌತಶಾಸ್ತ್ರ, 60 ವಿದ್ಯಾರ್ಥಿಗಳು, 50 ನಿಮಿಷದ ಪೀರಿಯಡ್. ಹಿಂದಿನ ದಿನವೇ 35 ನಿಮಿಷದ ಪಾಠದ ವಿಡಿಯೊ ಕಳಿಸಿ, ಕ್ಲಾಸಿನಲ್ಲಿ ಲೆಕ್ಕ ಬಿಡಿಸುವ ಕ್ರಮ. ಅರ್ಧದಷ್ಟು ಮಂದಿ ನೋಡದೇ ಬರುತ್ತಾರೆ. ಅವರಿಗಾಗಿ ಮತ್ತೆ ಪಾಠ ಮಾಡಿದರೆ ಲೆಕ್ಕಕ್ಕೆ ಹೊತ್ತು ಸಾಲುವುದಿಲ್ಲ. ನೋಡಿ ಬಂದವರಲ್ಲೂ ಬಹಳಷ್ಟು ಮಂದಿ ಪಕ್ಕದವರ ನೋಟ್‌ಬುಕ್ ನೋಡಿ ಇಳಿಸಿಕೊಳ್ಳುತ್ತಾರೆ. ಎಲ್ಲಿಂದ ಸರಿಮಾಡಬೇಕು?

ಕರಿಹಲಗೆ:
ಮೇಷ್ಟ್ರೇ, ಮೊದಲು ಆ 35 ನಿಮಿಷಕ್ಕೆ ಕತ್ತರಿ ಹಾಕಿ. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ವೀಕ್ಷಣೆಯ ದಾಖಲೆಗಳನ್ನು ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ 6 ನಿಮಿಷ ಎಂದು ಕಂಡುಬಂತು. ಒಂದು ವಿಡಿಯೊಗೆ ಒಂದೇ ಪರಿಕಲ್ಪನೆ ಇರಲಿ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಜೊತೆಗೆ ಮೂರು ಪ್ರಶ್ನೆ: ಎರಡು ವಿಷಯದ ಮೇಲೆ, ಮೂರನೆಯದು "ಯಾವ ಜಾಗದಲ್ಲಿ ಗೊಂದಲವಾಯಿತು?" ಇವಕ್ಕೆ ಉತ್ತರಿಸಲು ಪ್ರಯತ್ನಿಸಿದ್ದಕ್ಕೇ ಅಂಕ ಕೊಡಿ. ಸರಿ ಉತ್ತರಕ್ಕೆ ಮಾತ್ರ ಅಂಕ ಅಂದರೆ ನಕಲು ಶುರುವಾಗುತ್ತದೆ. ಮೂರನೇ ಪ್ರಶ್ನೆಗೆ ಬಂದ ಉತ್ತರಗಳನ್ನು ಬೆಳಿಗ್ಗೆ ಓದಿಕೊಂಡರೆ ಅಂದಿನ ಕ್ಲಾಸ್ ಎಲ್ಲಿಂದ ಶುರುವಾಗಬೇಕೆಂದು ತಾನಾಗಿ ತಿಳಿಯುತ್ತದೆ.

ಮತ್ತೆ ಪಾಠ ಮಾಡುವುದನ್ನು ಮಾತ್ರ ಇಂದೇ ನಿಲ್ಲಿಸಿ. ಹೇಗೂ ಕ್ಲಾಸಿನಲ್ಲಿ ಹೇಳುತ್ತಾರೆಂದರೆ ನೋಡಿ ಬರುತ್ತಿದ್ದವರೂ ನೋಡುವುದನ್ನು ಬಿಡುತ್ತಾರೆ. ನೋಡದವರ ಕೈಗೆ ಒಂದು ಪುಟದ ಸಾರಾಂಶ ಕೊಟ್ಟು, 8 ನಿಮಿಷ ಒಂದು ಬದಿ ಕೂರಿಸಿ ಓದಿಸಿ. ಬೈಯಬೇಡಿ. ಮನೆಯಲ್ಲಿ ನೆಟ್ ಇಲ್ಲದವರೂ ಅವರಲ್ಲಿರುತ್ತಾರೆ.

ಮೂರನೇಬೆಂಚು:
ಮೇಲಿನದೆಲ್ಲ ಒಪ್ಪುತ್ತೇನೆ. ಆದರೆ ನೋಡಿ ಇಳಿಸಿಕೊಳ್ಳುವ ಚಾಳಿ ಇದರಿಂದ ಹೋಗುವುದಿಲ್ಲ. ಸೂತ್ರಕ್ಕೆ ಸಂಖ್ಯೆ ಹಾಕಿದರೆ ಮುಗಿಯುವ ಲೆಕ್ಕವಿದ್ದರೆ ಯಾರಾದರೂ ಇಳಿಸಿಕೊಳ್ಳುತ್ತಾರೆ. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ಭೌತಶಾಸ್ತ್ರ ಕ್ಲಾಸಿನಲ್ಲಿ ಬಳಸಿದ, ವಿದ್ಯಾರ್ಥಿಗಳೇ ಪರಸ್ಪರ ವಾದಿಸಿ ಕಲಿಯುವ ಕ್ರಮ ನಿಮಗೆ ಸರಿಹೊಂದುತ್ತದೆ.

ಒಂದು ಉದಾಹರಣೆ. ಚೆಂಡನ್ನು ನೇರ ಮೇಲಕ್ಕೆ ಎಸೆದಿದೆ. ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ಎ) ಸೊನ್ನೆ, ಬಿ) 9.8 ಮೀ/ಸೆ² ಮೇಲ್ಮುಖ, ಸಿ) 9.8 ಮೀ/ಸೆ² ಕೆಳಮುಖ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಆಮೇಲೆ "ಒಂದು, ಎರಡು, ಮೂರು" ಎಂದಾಗ ಎಲ್ಲರೂ ಒಟ್ಟಿಗೆ ತಮ್ಮ ಉತ್ತರದ (ಎ, ಬಿ ಅಥವಾ ಸಿ) ಕಾರ್ಡ್ ಎತ್ತಬೇಕು, ಎದೆಯ ಮಟ್ಟದಲ್ಲಿ. ಹಿಂದೆಮುಂದೆ ಎತ್ತಿದರೆ ಜಾಣರ ಕಾರ್ಡ್ ನೋಡಿ ಉಳಿದವರು ಬದಲಿಸುತ್ತಾರೆ. ವೇಗ ಸೊನ್ನೆಯಾದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಬಹಳ ಮಂದಿ ಎ ಎತ್ತುತ್ತಾರೆ.

ಸರಿ ಉತ್ತರ (ಇಲ್ಲಿ ಸಿ) ಎತ್ತಿದವರು 30ರಿಂದ 70 ಶೇಕಡಾ ನಡುವೆ ಇದ್ದರೆ, ಬೇರೆ ಕಾರ್ಡ್ ಎತ್ತಿದವರನ್ನು ಹುಡುಕಿ ಮೂರು ನಿಮಿಷ ವಾದಿಸಲು ಬಿಡಿ. "ಎರಡೂ ಸೊನ್ನೆಯಾದರೆ ಚೆಂಡು ಅಲ್ಲೇ ನೇತಾಡಬೇಕಲ್ಲ?" ಎಂಬ ಮಾತು ಯಾವುದಾದರೂ ಬೆಂಚಿನಿಂದ ಬಂದರೆ, ಮೇಷ್ಟ್ರು ಹತ್ತು ಸಲ ಹೇಳಿದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಬಳಿಕ ಮರುಮತ, ಕೊನೆಗೆ ಎರಡು ನಿಮಿಷದ ವಿವರಣೆ. 30ಕ್ಕಿಂತ ಕಡಿಮೆ ಬಂದರೆ ಚರ್ಚೆ ವ್ಯರ್ಥ, ತಪ್ಪೇ ಹರಡುತ್ತದೆ. ಆ ಭಾಗವನ್ನು ಬೇರೆ ರೀತಿಯಲ್ಲಿ ವಿವರಿಸಿ ಮತ್ತೆ ಕೇಳಿ. 70 ದಾಟಿದರೆ ಮುಂದಕ್ಕೆ ಹೋಗಿ.

ಮೊದಲ ಮತದ ಎಣಿಕೆಯನ್ನು ಬೋರ್ಡಿನ ಮೇಲೆ ಬರೆಯಬೇಡಿ. ಬರೆದರೆ ವಾದ ನಿಂತು, ಎಲ್ಲರೂ ಹೆಚ್ಚು ಮತ ಬಿದ್ದ ಕಡೆಗೆ ವಾಲುತ್ತಾರೆ. ಇಂಥ ಒಂದು ಪ್ರಶ್ನೆಗೆ 8–10 ನಿಮಿಷ ಬೇಕು, 50 ನಿಮಿಷದಲ್ಲಿ ಮೂರು ಸಾಕು. ಉಳಿದ ಹೊತ್ತು ಲೆಕ್ಕಕ್ಕೆ.

ಚಾಕ್‌ಪೀಸ್:
"ಸರ್ ಪಾಠವೇ ಮಾಡಲ್ಲ" ಎಂಬ ದೂರು ಬಂದರೆ?

ಕರಿಹಲಗೆ:
ಬಂದೇ ಬರುತ್ತದೆ. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಅಧ್ಯಯನವೊಂದರಲ್ಲಿ, ತಾವೇ ಬಿಡಿಸಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ, ಕಡಿಮೆ ಕಲಿತೆವೆಂದೇ ಅಂದುಕೊಂಡಿದ್ದರು. ತಲೆಗೆ ಕೆಲಸ ಹೆಚ್ಚಾದಾಗ ಹಾಗನ್ನಿಸುತ್ತದೆ. ಮೊದಲ ವಾರವೇ ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಕಿರುಪರೀಕ್ಷೆಯಲ್ಲೂ ಚೆಂಡಿನಂಥ ಪ್ರಶ್ನೆ ಎರಡಾದರೂ ಇರಲಿ. ಪರೀಕ್ಷೆ ಹಳೆಯ ಸೂತ್ರದ ಲೆಕ್ಕಗಳಲ್ಲೇ ಉಳಿದರೆ ಮೂರನೇ ವಾರಕ್ಕೆ ಕಾರ್ಡ್ ಎತ್ತುವವರು ಸಿಗುವುದಿಲ್ಲ.