ಮನೆಯಲ್ಲೇ ಕೆಲಸ ಮಾಡುವವರು ಬ್ಯಾಕಪ್ ಹೇಗೆ ಇಡುತ್ತೀರಿ?

ಕುಮಟಾದಿಂದ ಪ್ರಶ್ನೆ: ಮನೆಯಲ್ಲೇ ಕುಳಿತು ಹನ್ನೆರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ), ಜಿಎಸ್‌ಟಿ ಕಾಗದಪತ್ರ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿವೆ. ಮಳೆಗಾಲ ಹತ್ತಿರ ಬಂತು. ಬ್ಯಾಕಪ್ಪಿಗೆ (ಕಡತಗಳ ಕಾಯ್ದಿಟ್ಟ ನಕಲಿಗೆ) ಒಂದು ಪೆನ್‌ಡ್ರೈವ್ ಸಾಕೇ? ಅನುಭವ ಇದ್ದವರು ತಿಳಿಸಿ.

ಶಿರಸಿಯಿಂದ: ಖಂಡಿತ ಸಾಲದು. ನನ್ನದು ಮನೆಯಲ್ಲೇ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸ್ಮರಣ ಸಂಚಿಕೆ. ಪ್ರತಿ ಸಂಜೆ ಹಾರ್ಡ್‌ಡಿಸ್ಕಿಗೆ ನಕಲು ಮಾಡುತ್ತಿದ್ದೆ, ಆದರೆ ಆ ಡಿಸ್ಕ್ ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾದಾಗ ವಿದ್ಯುತ್ ಪ್ಲಗ್ ಕಿತ್ತೆ, ಇಂಟರ್ನೆಟ್ ತಂತಿ ಕೀಳಲಿಲ್ಲ. ಸಿಡಿಲು ಆ ತಂತಿಯಿಂದಲೇ ಬಂತು. ಮದರ್‌ಬೋರ್ಡೂ ಹೋಯಿತು, ಡಿಸ್ಕೂ ಹೋಯಿತು. ಮುದ್ರಣಾಲಯಕ್ಕೆ ಇಮೇಲ್ ಮಾಡಿದ್ದ ಪಿಡಿಎಫ್‌ಗಳನ್ನು ಎದುರಿಗಿಟ್ಟುಕೊಂಡು ದೇವಸ್ಥಾನವೊಂದರ ಸಂಚಿಕೆಯ 96 ಪುಟಗಳನ್ನು ಮೊದಲಿನಿಂದ ಕಟ್ಟಿದೆ. ಆ ಮೂರು ವಾರ ನಿದ್ದೆ ಬರಲಿಲ್ಲ.

ಹಳೆಯ ಸಿ.ಡಿ.ಯಲ್ಲಿ ಕೆಲವು ಕಡತಗಳು ಸಿಕ್ಕವು. ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ! ಯೂನಿಕೋಡ್ (ಎಲ್ಲ ಯಂತ್ರಗಳಲ್ಲೂ ಓದಲು ಬರುವ ಅಕ್ಷರ ಸಂಕೇತ) ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚಿಸಿದ್ದೆ. ಗೆಳೆಯರೊಬ್ಬರ ಹಳೆಯ ಕಂಪ್ಯೂಟರಿನಿಂದ ಆ ಫಾಂಟ್ ತಂದ ಮೇಲೆಯೇ ಓದಲು ಬಂತು. ಕನ್ನಡದ ಕೆಲಸ ಮಾಡುವವರೇ, ದಯವಿಟ್ಟು ಫಾಂಟುಗಳನ್ನೂ ಕಡತಗಳ ಜೊತೆಗೇ ಇಡಿ.

ಈಗ ಎರಡು ಡಿಸ್ಕ್ ಇವೆ. ಒಂದನ್ನು ನಕಲು ಮುಗಿದ ಕೂಡಲೇ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಆಷಾಢದಲ್ಲಿ ಇಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಹೀಗೆ ಬಿಚ್ಚಿಟ್ಟ ಡಿಸ್ಕನ್ನು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸೂ ಮುಟ್ಟಲಾರದು. ಇನ್ನೊಂದು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿದೆ, ಹೋದಾಗಲೆಲ್ಲ ಅದಲುಬದಲು. ನಡೆಯುತ್ತಿರುವ ಕೆಲಸ ಮಾತ್ರ ಗೂಗಲ್ ಡ್ರೈವಿನಲ್ಲಿ. ಅಲ್ಲಿ 15 ಜಿಬಿ ಉಚಿತ, ಅದರಲ್ಲೇ ಇಮೇಲ್ ಮತ್ತು ಫೋಟೋಗಳೂ ಸೇರುತ್ತವೆ. ಒಂದು ಎಚ್ಚರ: ಸಿಂಕ್ (ಎರಡೂ ಕಡೆಯ ಕಡತಗಳನ್ನು ತಾನಾಗಿಯೇ ಒಂದೇ ರೀತಿ ಇಡುವ ವ್ಯವಸ್ಥೆ) ಇಟ್ಟುಕೊಂಡಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅದರ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ.

ಕಾರವಾರದಿಂದ: ನಾನು ಮದುವೆಗಳ ಫೋಟೋ ತೆಗೆಯುವವನು. ದೊಡ್ಡ ಕಡತಗಳಿಗೆ ಇಂಟರ್ನೆಟ್ಟನ್ನೇ ನಂಬಬೇಡಿ. 200 ಜಿಬಿಯನ್ನು 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ವೇಗದಲ್ಲಿ ಏರಿಸಲು ಸುಮಾರು 45 ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಮುಗಿಯಿತು. ಮೊದಲ ಸಲದ ಅಪ್‌ಲೋಡನ್ನು ಮೇ ಒಳಗೇ ಮುಗಿಸಿಕೊಳ್ಳಿ.

ಹೊನ್ನಾವರದಿಂದ: ನಾನೂ ಲೆಕ್ಕ ಬರೆಯುವವಳೇ, ಆದ್ದರಿಂದ ಟ್ಯಾಲಿಯ ಬಗ್ಗೆ ಎರಡು ಮಾತು. ಟ್ಯಾಲಿ ತೆರೆದಿರುವಾಗ ಫೋಲ್ಡರನ್ನು ನಕಲು ಮಾಡಬೇಡಿ. ಅದರೊಳಗಿನ ಬ್ಯಾಕಪ್ ಸೌಲಭ್ಯವನ್ನೇ ಬಳಸಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು, ಹಾಗಾಗಿ ಹಳೆಯ ವರ್ಷಗಳನ್ನು ಅಳಿಸಬೇಡಿ. ಅಂಗಡಿಯವರ ಪ್ಯಾನ್, ಬ್ಯಾಂಕ್ ವಿವರ ಇರುವುದರಿಂದ ಡಿಸ್ಕಿಗೆ ಪಾಸ್‌ವರ್ಡ್ ಇರಲಿ. ಅದನ್ನು ಬರೆದು ಮನೆಯವರೊಬ್ಬರಿಗೆ ಕೊಡಿ.

ನಾಲ್ಕು ತಿಂಗಳು ನನ್ನ ಬ್ಯಾಕಪ್ ಹಳೆಯ ಫೋಲ್ಡರಿನಿಂದಲೇ ಆಗುತ್ತಿತ್ತು, ತೆರೆದು ನೋಡಿದ ದಿನ ಎದೆ ಧಸಕ್ಕೆಂದಿತು. ಈ ವಾರವೇ ಒಂದು ಅಂಗಡಿಯ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ (ಬ್ಯಾಕಪ್ಪಿನಿಂದ ಮರಳಿ ತಂದು), ಕೊನೆಯ ವೋಚರಿನ (ವ್ಯವಹಾರದ ನಮೂದಿನ) ದಿನಾಂಕ ತಾಳೆಯಾಗುತ್ತದೆಯೇ ನೋಡಿ. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ಮಾಡುವುದಾದರೆ ಹೊಸ ಫೋಲ್ಡರಿಗೆ ಮಾಡಿ, ಇಲ್ಲದಿದ್ದರೆ ಈಗಿನ ನಮೂದುಗಳು ಅಳಿಸಿಹೋಗುತ್ತವೆ.